ನಾನು ಕಟ್ಟಿದ ಸೇತುವೆ

ನಾನೊಂದು ಸೇತುವೆ ಕಟ್ಟಿದ್ದೇನೆ. ಸಿಮೆಂಟಿಲ್ಲ, ಜಲ್ಲಿಯಿಲ್ಲ, ಟೆಂಡರೂ ಇಲ್ಲ. ಅದರ ಮೇಲೆ ಇದುವರೆಗೆ ಒಂದು ಕೋಳಿಯೂ ದಾಟಿಲ್ಲ. ಕಳೆದ ಭಾನುವಾರ ಒಬ್ಬ ಡಾಕ್ಟರಮ್ಮ ದಾಟಲು ಹೊರಟರು. ಕಳಿಸಿದವನು ನಾನೇ.

ನಾನು ನಕ್ಷೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ಎಂಬುದು ನಿಮಗೆ ಗೊತ್ತು. (ಮರೆಯಲು ನಾನು ಬಿಟ್ಟರೆ ತಾನೇ?) ದೇಶದ ಡಿಜಿಟಲ್ ನಕ್ಷೆಯಲ್ಲಿ ನಮ್ಮ ಕಡೆಯ ರಸ್ತೆ, ಹಳ್ಳ, ಶಾಲೆಗಳೆಲ್ಲ ಸರಿಯಾಗಿವೆಯೇ ಎಂದು ಊರೂರು ತಿರುಗಿ ನೋಡುವುದು, ಕಂಪ್ಯೂಟರಿಗೆ ತುಂಬಿ ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿಂದ ಅದು ಬೇಕಾದವರಿಗೆಲ್ಲ ಹೋಗುತ್ತದೆ. ಪಂಚಾಯ್ತಿಯವರು, ಕದ್ರಾ ಕಡೆ ಕರೆಂಟ್ ಲೈನ್ ನೋಡುವವರು, ಫೋನಿರುವ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಇಂಥ ಕೆಲಸ ಮಾಡಿದವನಿಗೆ ಸ್ವಲ್ಪ ಜಂಬ ಇರಬಾರದೇ?

ಭಾನುವಾರ ಮಧ್ಯಾಹ್ನ ಹಬ್ಬುವಾಡದ ಮನೆಯಲ್ಲಿ ಉಂಡು ಅಡ್ಡಾಗಿದ್ದೆ. ಅಕ್ಕನ ಫೋನು. ಅವಳ ಮನೆ ಅಗಸೂರಿನ ಆಚೆ, ಹಳ್ಳದ ಇನ್ನೊಂದು ದಡದಲ್ಲಿ.

"ತಮ್ಮಾ, ಕಡಸು ಬೆಳಿಗ್ಗೆಯಿಂದ ತಿಣಕ್ತಾ ಅದೆ. ಕರದ ಕಾಲು ಕಾಣ್ತದೆ, ತಲೆ ಬರೂದಿಲ್ಲ. ಅಂಕೋಲಿಂದ ದನದ ಡಾಕ್ಟರಮ್ಮ ಹೊರಟಾರೆ. ಹೊಸಬ್ರು, ದಾರಿ ಗೊತ್ತಿಲ್ಲ. ನಿನ್ನ ನಂಬರ್ ಕೊಟ್ಟಿದೆ. ನನ್ನ ತಮ್ಮ ನಕ್ಷೆ ಆಪೀಸಿನಂವ, ಅವ ಹೇಳ್ತಾ ಅಂದೆ."

ಅಕ್ಕನಿಗೆ ಇರುವುದು ಅದೊಂದೇ ಕಡಸು. ತಾಯಿ ಸತ್ತ ಮೇಲೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಚೊಚ್ಚಲು ಬೇರೆ. ಅವಳ ದನಿ ನಡುಗುತ್ತಿತ್ತು. ನನ್ನದು? ಉಬ್ಬಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಡಾಕ್ಟರಮ್ಮ ಫೋನ್ ಮಾಡಿದರು. "ಸರ್, ನನ್ನ ಫೋನಿನ ಮ್ಯಾಪು ಮೇಲಿನ ಹಳೇ ಸೇತುವೆ ಸುತ್ತಿಕೊಂಡು ಹೋಗಿ ಅಂತಿದೆ. ಇಲ್ಲೇ ಅಂಗಡಿಯಲ್ಲಿ ಒಮ್ಮೆ ಕೇಳಲಾ?"

"ಯಾರನ್ನೂ ಕೇಳಬೇಡಿ," ಎಂದೆ. "ಜನ ಬಾಯಿಗೆ ಬಂದದ್ದು ಹೇಳ್ತಾರೆ. ನಾನು ಕಳಿಸುವ ಲಿಂಕ್ ನೋಡಿ. ಇದು ನಮ್ಮ ಇಲಾಖೆಯ ಡೇಟಾ. ಸ್ಥಳಕ್ಕೇ ಹೋಗಿ ಪರಿಶೀಲಿಸಿದ್ದು. ನೇರ ಹೋದರೆ ಹೊಸ ಸೇತುವೆ, ದಾಟಿದರೆ ಅಕ್ಕನ ಅಂಗಳ." ಸ್ಥಳಕ್ಕೆ ಹೋದವನು ನಾನೇ ಎಂದೂ ಸೇರಿಸಿದೆ. ಸೇರಿಸದೆ ಇರುವ ಜನ್ಮವೇ ಅಲ್ಲ ನನ್ನದು.

ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನು.

"ಸರ್, ಸೇತುವೆ ಎಲ್ಲಿ?"

"ಎದುರಿಗೇ ಇದೆಯಲ್ಲ ಮೇಡಂ."

"ಎದುರಿಗೆ ನೀರಿದೆ. ನೀರಲ್ಲಿ ಎರಡು ಕಂಬ ಇವೆ. ಒಂದರ ಮೇಲೆ ಕೊಕ್ಕರೆ ಕೂತಿದೆ."

ಆಗಲಾದರೂ ತೆಪ್ಪಗಿರಬೇಕಿತ್ತು. "ನಿಮ್ಮ ಲೊಕೇಶನ್ ಆನ್ ಇದೆಯಾ ನೋಡಿ," ಎಂದುಬಿಟ್ಟೆ. ಕಣ್ಣೆದುರಿನ ಹಳ್ಳಕ್ಕಿಂತ ನನ್ನ ಫೈಲಿನ ಮೇಲೆ ಎಂಥಾ ನಂಬಿಕೆ ನೋಡಿ!

ಫೋನಿಟ್ಟ ಮೇಲೆ ನೆನಪಾಯಿತು.

ನಿವೃತ್ತಿಗೆ ಸ್ವಲ್ಪ ಮುಂಚೆ ಆ ಹಳ್ಳದ ಪರಿಶೀಲನೆ ನನ್ನ ಪಾಲಿಗೆ ಬಂದಿತ್ತು. ಸೇತುವೆಯ ಕಂಬ ಎದ್ದಿವೆ ಎಂದು ಕೇಳಿದ್ದೆ. ಬಿಸಿಲು ಜೋರಿತ್ತು. ಮೊದಲು ಊಟ, ಆಮೇಲೆ ಹಳ್ಳ ಎಂದು ಅಕ್ಕನ ಮನೆಯಲ್ಲಿ ಕೂತೆ. ಕುಚ್ಚಲಕ್ಕಿ ಅನ್ನ, ಸಿಗಡಿ ಶೆಟ್ಲಿಯ ಸುಕ್ಕ, ಮೇಲೆ ಕುಡಿಯಲು ಸೋಲಕಡಿ. ಭಾವ ಬಡಿಸುತ್ತಾ ಹೇಳಿದ, "ಮಳೆಗಾಲದೊಳಗೆ ಮುಗೀತದೆ ಭಾವಾ, ಇಂಜಿನೀಯರ್ ಸಾಯೇಬ್ರೇ ಹೇಳಿ ಹೋಗಾರೆ. ಬರದಬುಡು. ನಮ್ಮ ಊರಿಗೂ ಒಂದು ಮರ್ಯಾದೆ ಆಗ್ಲಿ."

ನಮ್ಮ ಫಾರ್ಮಿನಲ್ಲಿ ಎರಡು ಆಯ್ಕೆ ಇದ್ದವು. 'ನಿರ್ಮಾಣ ಹಂತದಲ್ಲಿದೆ' ಎಂದು ಒತ್ತಿದರೆ ಆರು ತಿಂಗಳ ನಂತರ ಮತ್ತೆ ಬಂದು ನೋಡಬೇಕು. 'ಬಳಕೆಯಲ್ಲಿದೆ' ಎಂದು ಒತ್ತಿದರೆ ಕೆಲಸ ಮುಗಿಯಿತು. ಕೈ ತೊಳೆದು ಬಂದು, ಜಗಲಿಯ ಮೇಲೆ ಕೂತು, ಎರಡನೆಯದನ್ನು ಒತ್ತಿದೆ. ಹಳ್ಳದ ಕಡೆ ಹೋಗಲೇ ಇಲ್ಲ. (ಒಂದು ಸಣ್ಣ ನಿದ್ದೆ ಮಾತ್ರ ತೆಗೆದೆ.) ಆ ಮಳೆಗಾಲವೂ ಹೋಯಿತು, ಆಮೇಲಿನವೂ ಹೋದವು; ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೇತುವೆಯ ಕೆಲಸ ಕಂಬದಲ್ಲೇ ನಿಂತಿತು. ನನ್ನ ಸೇತುವೆ ಮಾತ್ರ ಹೊಸ ಹೊಸ ಆವೃತ್ತಿಗಳಲ್ಲಿ ದೇಶಕ್ಕೆಲ್ಲ ಹಂಚಿಹೋಯಿತು.

ಭಾನುವಾರ ಡಾಕ್ಟರಮ್ಮನ ಜೀಪಿನ ಹಾರನ್ ಕೇಳಿ ಭಾವ ಹಳ್ಳದ ದಡಕ್ಕೆ ಓಡಿದ. ಸಣ್ಣ ಪಾತಿ ದೋಣಿ ಬಿಚ್ಚಿ, ಅವರನ್ನೂ ಅವರ ಚೀಲವನ್ನೂ ಕೂರಿಸಿಕೊಂಡು ದಾಟಿಸಿದ. ಕರು ಬದುಕಿತು. ಕಡಸು ಮಾತ್ರ ಎರಡು ದಿನ ಏಳಲಿಲ್ಲ. ಆ ಎರಡು ದಿನ ನನಗೂ ಅನ್ನ ಇಳಿಯಲಿಲ್ಲ. ಅದು ಎದ್ದಿತು ಎಂದು ಭಾವನ ಫೋನು ಬಂದಾಗ ಹೆಂಡತಿಗೆ ಕಾಣದಂತೆ ಕಣ್ಣೊರೆಸಿಕೊಂಡೆ.

ತಪ್ಪು ತಿದ್ದೋಣ ಎಂದು ಇಲಾಖೆಯ ವೆಬ್‌ಸೈಟಿಗೆ ಹೋದೆ. 'ದೋಷ ವರದಿ ಮಾಡಿ' ಎಂಬ ಬಟನ್ ಇದೆ. ಒತ್ತಿದೆ, ಎಲ್ಲವನ್ನೂ ಬರೆದೆ. ಕೂಡಲೇ ಉತ್ತರ ಬಂತು: 'ತಮ್ಮ ಕಾಳಜಿಗೆ ಧನ್ಯವಾದಗಳು. ಸದರಿ ವಿಷಯವನ್ನು ಮುಂಬರುವ ಆವೃತ್ತಿಯಲ್ಲಿ ಸೂಕ್ತವಾಗಿ ಪರಿಶೀಲಿಸಲಾಗುವುದು.'

ಎಲ್ಲೋ ಓದಿದ ಹಾಗಿದೆಯಲ್ಲ? ಓದಿದ್ದಲ್ಲ, ಬರೆದದ್ದು. ದೂರು ಕಳಿಸುವವರ ಕಾಟ ತಪ್ಪಲಿ ಎಂದು ಆ ಎರಡು ವಾಕ್ಯಗಳನ್ನು ರಚಿಸಿ ಕೊಟ್ಟವನು ನಾನೇ. 'ಸೂಕ್ತವಾಗಿ' ಎಂಬ ಪದ ಹಾಕಿದ್ದಕ್ಕೆ ಸಾಹೇಬರು ಬೆನ್ನು ತಟ್ಟಿದ್ದರು.

ನಿನ್ನೆ ಅಗಸೂರಿಗೆ ಹೋಗಿ ಬಂದೆ, ಹಳೇ ಸೇತುವೆ ಸುತ್ತಿಕೊಂಡು. ಈಚೆ ದಡದಲ್ಲಿ ರಸ್ತೆ ಮುಗಿಯುವಲ್ಲಿ ಭಾವ ಎರಡು ಬಿದಿರು ಅಡ್ಡ ಕಟ್ಟಿದ್ದಾನೆ. ಮೇಲೊಂದು ರಟ್ಟು: 'ಇಲ್ಲಿ ಸೇತುವೆ ಇಲ್ಲ.' ಅವನಿಗೆ ಅಪ್‌ಡೇಟ್ ಮಾಡಲು ಬೇಕಾದದ್ದು ಒಂದು ಸುತ್ತು ಹಗ್ಗ, ಒಂದು ತುಂಡು ಇದ್ದಿಲು.

ಕೊಟ್ಟಿಗೆಯಲ್ಲಿ ಕರು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ನಾನು ಅಂದು ಉಂಡು ಜಗಲಿಯಲ್ಲಿ ಕೂತು ಬಟನ್ ಒತ್ತಿದ್ದರಿಂದ ಹಿಡಿದು ವೆಬ್‌ಸೈಟಿನ ಕಥೆಯೆಲ್ಲ ಹೇಳಿದೆ. ಉತ್ತರ ಬಂದದ್ದು, ಮುಂಬರುವ ಆವೃತ್ತಿ, ಸೂಕ್ತ ಪರಿಶೀಲನೆ. ಅಕ್ಕ ಕರುವಿನ ಮೈ ಒರೆಸುತ್ತಾ ಕೇಳಿಸಿಕೊಂಡಳು. ಆಮೇಲೆ ತಿರುಗಿ ನೋಡಿ ಒಂದೇ ಮಾತು ಕೇಳಿದಳು:

"ನಮ್ಮನೀಲಿ ಉಂಡ್ಕಂಡು ಸೇತುವೆ ಕಟ್ಟಿದ್ಯಲ್ಲ ತಮ್ಮಾ, ಈಗ ಅದ ಕೆಡವೂಕೆ ಯಾರ ಮನೀಲಿ ಉಣ್ಣಬೇಕು?"