ಉಪ್ಪಿನ ಬಾಬ್ತು

ಮೂವತ್ತೊಂದು ವರ್ಷದಲ್ಲಿ ಎಷ್ಟು ಲೆಕ್ಕದ ಪುಸ್ತಕ ಹೊಲಿದಿದ್ದನೋ ಗೋಂದಣ್ಣನಿಗೇ ಗೊತ್ತಿಲ್ಲ. ಬೈಂಡಿಂಗ್ ಕೆಲಸದ ಗೋಂದು ಬೆರಳ ಸಂದಿಯಲ್ಲಿ ಸದಾ ಒಣಗಿಕೊಂಡಿರುತ್ತಿದ್ದುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಗಳಿಗೆ, ಗೋದಾಮುಗಳಿಗೆ, ಶಾಲೆಗಳಿಗೆ ಅವನು ರಟ್ಟು ಹಾಕಿ ಕೊಟ್ಟ ದಪ್ಪ ದಪ್ಪ ಪುಸ್ತಕಗಳಲ್ಲಿ ಯಾರ್‍ಯಾರದೋ ಜಮಾ ಖರ್ಚು ತುಂಬಿಕೊಂಡಿತ್ತು. ಅವನು ಮಾತ್ರ ಒಂದೇ ಒಂದು ಸಾಲು ಬರೆದವನಲ್ಲ. ಸಂಬಳ ತಂದು ಹೆಂಡತಿಯ ಕೈಗಿಟ್ಟರೆ ಅವನ ಜವಾಬ್ದಾರಿ ಮುಗಿಯಿತು.

ಹೆಂಡತಿಯೂ ಬರೆದವಳಲ್ಲ. ಅವಳಿಗೆ ಬರೆಯುವ ಹಂಗೇ ಇರಲಿಲ್ಲ, ಎಲ್ಲ ತಲೆಯಲ್ಲೇ. ಬೀದಿಯವರೆಲ್ಲ ಅವಳನ್ನು ‘ಲೆಕ್ಕದಕ್ಕ’ ಅನ್ನುತ್ತಿದ್ದರು. ತಿಂಗಳ ಕೊನೆಗೆ ಹಾಲಿನವನು ಬಾಗಿಲಲ್ಲಿ ನಿಂತು, “ಅಕ್ಕಾ, ನಿಮ್ಮದೆಷ್ಟಾಯ್ತು?” ಎಂದು ಅವಳನ್ನೇ ಕೇಳುತ್ತಿದ್ದ. ಅವಳು ಸೌಟು ಆಡಿಸುತ್ತಲೇ ಹೇಳುತ್ತಿದ್ದಳು, ಅವನು ಅಷ್ಟೇ ಎಣಿಸಿಕೊಂಡು ಹೋಗುತ್ತಿದ್ದ. ಆ ಕಟ್ಟಡದ ಆರು ಮನೆಗಳಿಗೂ ಒಂದೇ ನೀರಿನ ಬಿಲ್ಲು. ಅದನ್ನು ತಲೆ ಎಣಿಸಿ ಪಾಲು ಹಾಕುವುದೂ ಅವಳೇ. ಆ ಪಾಲಿನ ಬಗ್ಗೆ ಯಾರೂ ತಕರಾರು ತೆಗೆದದ್ದಿಲ್ಲ.

ಹೀಗಿರುವಾಗ ಬೈಂಡಿಂಗ್ ಶಾಪಿಗೆ ಕೆಲಸ ಕಮ್ಮಿಯಾಯಿತು. ಕಚೇರಿಗಳಿಗೆ ಈಗ ಕಂಪ್ಯೂಟರು ಸಾಕು, ದಪ್ಪ ಪುಸ್ತಕ ಯಾರಿಗೆ ಬೇಕು? ಮಾಲೀಕರು ಗೋಂದಣ್ಣನನ್ನು ಕರೆದು, ಮುಖ ನೋಡಲಾರದೆ ಕತ್ತರಿಸುವ ಯಂತ್ರವನ್ನೇ ನೋಡುತ್ತಾ, “ಇನ್ನು ಮೇಲೆ ವಾರಕ್ಕೆ ಮೂರು ದಿನ ಬಂದರೆ ಸಾಕಪ್ಪ” ಎಂದರು. ಮೂರು ದಿನದ ಕೆಲಸವೆಂದರೆ ಮೂರು ದಿನದ ಸಂಬಳ.

ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಭಾನುವಾರ ಫೋನು ಮಾಡಿದಾಗ ವಿಷಯ ತಿಳಿದು, “ಅಪ್ಪಾ, ಒಂದು ತಿಂಗಳು ಕಾಸು ಕಾಸೂ ಬರೆದಿಡಿ. ಎಲ್ಲಿ ಸೋರ್ತಿದೆ ಅಂತ ತಾನಾಗೇ ಕಾಣುತ್ತೆ. ಅಲ್ಲಿ ಕಡಿಮೆ ಮಾಡಿದರಾಯ್ತು” ಎಂದಳು.

ಮಾತು ಸರಿ ಅನ್ನಿಸಿತು. ಶಾಪಿನಲ್ಲಿ ಉಳಿದ ತುಂಡು ಕಾಗದವನ್ನೇ ಮಡಿಸಿ, ಹೊಲಿದು, ಕೆಂಪು ಬಟ್ಟೆಯ ಬೆನ್ನು ಹಾಕಿ ಅಂಗೈಯಗಲದ ಪುಸ್ತಕ ಮಾಡಿ ತಂದ. ತನಗೋಸ್ಕರ ಅವನು ಮಾಡಿಕೊಂಡ ಮೊದಲ ಪುಸ್ತಕ ಅದು. ಹೆಂಡತಿ ಅದನ್ನು ನೋಡಿದವಳೇ ಮುಖ ಊದಿಸಿದಳು.

“ಮೂವತ್ತು ವರ್ಷ ನನ್ನ ತಲೆ ಸಾಕಾಗಿತ್ತು. ಈಗ ಅದಕ್ಕೂ ಬೈಂಡಿಂಗ್ ಹಾಕಬೇಕಾ?”

“ನಿನ್ನ ಮೇಲೆ ಅನುಮಾನ ಅಂತಲ್ಲ ಕಣೇ. ಒಂದೇ ತಿಂಗಳು. ನಾನು ಖರ್ಚು ಮಾಡಿದ್ದು ನಾನು ಬರೀತೀನಿ, ನೀನು ಮಾಡಿದ್ದು ನೀನು ಬರಿ.”

ಅವಳು ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಏನನ್ನಿಸಿತೋ, ತಾನೇ ಪೆನ್ನು ಹುಡುಕಿಕೊಂಡು ಕೂತಳು.

ಗೋಂದಣ್ಣ ಮೊದಲು ತನ್ನ ಖರ್ಚಿಗೇ ಕೈ ಹಾಕಿದ. ಬಸ್ಸು ಬಿಟ್ಟು ನಡೆದ, ಚಪ್ಪಲಿಯ ಹಿಮ್ಮಡಿ ಸವೆಯಿತು. ಕ್ಷೌರದಂಗಡಿ ಬಿಟ್ಟು ಮನೆಯಲ್ಲೇ ಗಡ್ಡ ಕೆರೆದುಕೊಂಡ, ಕೆನ್ನೆಯಲ್ಲಿ ಎರಡು ಗಾಯವಾಯಿತು. ಪೇಪರು ನಿಲ್ಲಿಸಿದ. ಶಾಪಿನಲ್ಲಿ ಹನ್ನೊಂದು ಗಂಟೆಯ ಚಹಾ ಬಂದಾಗ ಹೊಟ್ಟೆ ಉರಿ ಎಂದು ನೆಪ ಹೇಳಿದ. ಹೊಲಿಗೆಗೆ ಕೂರುವ ಜೊತೆಗಾರ ಸುಮ್ಮನಿರುವ ಆಸಾಮಿಯಲ್ಲ. “ಹೊಟ್ಟೆ ಉರಿ ಅಂತ ಚಹಾ ಬಿಟ್ಟೋನು ನನ್ನ ಲೋಟನ ಯಾಕಯ್ಯ ಹಂಗೆ ನೋಡ್ತೀಯ? ನನಗೆ ಹೊಟ್ಟೆ ನೋವು ಬರುತ್ತೆ” ಎಂದ. ಎಲ್ಲರೂ ನಕ್ಕರು. ಗೋಂದಣ್ಣನೂ ನಕ್ಕ.

ತಿಂಗಳು ಮುಗಿದ ಮರುದಿನ ಬೆಳಿಗ್ಗೆ, ಹೆಂಡತಿ ಮಾಳಿಗೆಗೆ ಬಟ್ಟೆ ಒಣಗಿಸಲು ಹೋದಾಗ, ಅವನು ಪುಸ್ತಕ ಬಿಚ್ಚಿಕೊಂಡು ಕೂಡಿಸಿದ. ಮೂರು ಸಲ ಕೂಡಿಸಿದ. ಬಾಡಿಗೆ, ಕರೆಂಟು, ಗ್ಯಾಸು, ಇವ್ಯಾವುವೂ ನಮ್ಮ ಮಾತು ಕೇಳುವಂಥವಲ್ಲ. ಅವನು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು ಗ್ಯಾಸಿನ ಅರ್ಧ ಸಿಲಿಂಡರಿಗೂ ಆಗುತ್ತಿರಲಿಲ್ಲ. ಆದರೆ ಮೂಲೆ ಅಂಗಡಿಯ ಸಾಮಾನಿನ ಮೊತ್ತ ನೋಡಿ ಅವನ ಹುಬ್ಬು ಮೇಲೇರಿತು. ಇಬ್ಬರೇ ಇರುವ ಮನೆಯಲ್ಲಿ ಬಾಡಿಗೆಯ ಮುಕ್ಕಾಲು ಪಾಲು ಅಂಗಡಿಗೇ ಹೋಗಿತ್ತು.

ಒಂದೊಂದು ಬಾಬ್ತನ್ನೂ ಬೇರೆ ಮಾಡಿ ಬರೆದುಕೊಂಡ. ಮೈ ಸೋಪು ಒಂಬತ್ತು. ಬೆಂಕಿಪೆಟ್ಟಿಗೆ ಆರು ಕಟ್ಟು. ಬಚ್ಚಲಿನ ಬಲ್ಬು ಮೂರು. ಉಪ್ಪು ಹದಿನಾಲ್ಕು ಪ್ಯಾಕೆಟ್ಟು. ಎಲ್ಲ ಹೆಂಡತಿಯದೇ ದುಂಡಕ್ಷರ. ಒಂದು ಮಂಗಳವಾರವಂತೂ ‘ಉಪ್ಪು ಮುಗಿದಿದೆ, ಒಂದು’ ಎಂಬ ಸಾಲು ಬೆಳಿಗ್ಗೆಯೂ ಇತ್ತು, ಮಧ್ಯಾಹ್ನವೂ ಇತ್ತು.

ಹದಿನಾಲ್ಕು ಪ್ಯಾಕೆಟ್ ಉಪ್ಪು ತಿಂದವರು ಬದುಕಿರುವುದುಂಟೇ? ಗೋಂದಣ್ಣನ ತಲೆಗೆ ಹೊಳೆದದ್ದು ಎರಡೇ. ಒಂದೋ ಅಂಗಡಿಯವನು ಮೋಸ ಮಾಡುತ್ತಿದ್ದಾನೆ, ಇಲ್ಲವೋ ಇವಳು ಎರಡು ಬೀದಿಯಾಚೆ ಇರುವ ತನ್ನ ತಮ್ಮನ ಮನೆಗೆ ಸಾಮಾನು ಸಾಗಿಸುತ್ತಿದ್ದಾಳೆ. ಎರಡನೆಯದೇ ನಿಜವೆಂದು ಮನಸ್ಸು ಗಟ್ಟಿಯಾಗಿ ಹೇಳಿತು. ನಾನು ಕೆನ್ನೆ ಕೊಯ್ದುಕೊಂಡು ಉಳಿಸುವುದು, ಇವಳು ಭಾವಮೈದನ ಮನೆ ತುಂಬಿಸುವುದು. ಹೆಂಡತಿಯನ್ನು ಕೇಳುವ ಮೊದಲು ಸಾಕ್ಷಿ ಇರಲಿ ಎಂದು ಪುಸ್ತಕ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ.

ಅಂಗಡಿಯವನು ಪುಸ್ತಕ ನೋಡಿದ. ಗಿರಾಕಿ ಒಬ್ಬರಿದ್ದರು, ಅವರನ್ನು ಕಳಿಸಿ ಬಂದ.

“ಅಣ್ಣಾ, ನೀವೇ ಬಂದಿದ್ದು ಒಳ್ಳೇದಾಯ್ತು. ಹೇಗೆ ಹೇಳೋದು ಅಂತ ನಾನೇ ಒದ್ದಾಡ್ತಿದ್ದೆ. ಮೊದಮೊದಲು ‘ಅಕ್ಕಾ, ಬೆಳಿಗ್ಗೆ ತಗೊಂಡ್ರಲ್ಲ’ ಅಂದೆ. ನನ್ನ ಮನೆ ಲೆಕ್ಕ ನೀನಿಡ್ತೀಯಾ ಅಂತ ಬೈದ್ರು. ಅವರಿಗೆ ಲೆಕ್ಕ ಹೇಳೋಕೆ ನಾನ್ಯಾರು ಅಂತ ಸುಮ್ಮನಾದೆ.”

“ಸಾಮಾನು ತಗೊಂಡು ಯಾವ ಕಡೆ ಹೋಗ್ತಾಳೆ?”

“ಮನೆ ಕಡೆಗೇ ಹೋಗ್ತಾರೆ. ಅದಲ್ಲ ಅಣ್ಣಾ ವಿಷಯ.” ಅವನು ದನಿ ತಗ್ಗಿಸಿದ. “ಈಗೀಗ ಚಿಲ್ಲರೆ ಎಣಿಸಲ್ಲ. ಪರ್ಸೇ ನನ್ನ ಕೈಗೆ ಕೊಡ್ತಾರೆ, ಎಷ್ಟಾಯ್ತೋ ನೀನೇ ತಗೋ ಅಂತ. ನಾನು ಒಂದು ಕಾಸು ಹೆಚ್ಚು ಮುಟ್ಟಿಲ್ಲ, ನನ್ನ ಮಕ್ಕಳಾಣೆ.”

ಗೋಂದಣ್ಣ ಪುಸ್ತಕ ವಾಪಸ್ಸು ಜೇಬಿಗಿಟ್ಟುಕೊಂಡ. ಹಾಲಿನವನ ಲೆಕ್ಕವನ್ನು ಸೌಟು ಆಡಿಸುತ್ತಾ ಹೇಳುವವಳು ಅಂಗಡಿಯವನ ಕೈಗೆ ಪರ್ಸು ಕೊಡುತ್ತಾಳೆಯೇ? ಹೊತ್ತುಕೊಂಡು ಬಂದಿದ್ದ ಸಿಟ್ಟು ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ.

ಮನೆಗೆ ಬಂದು ಅಡುಗೆಮನೆ ಹುಡುಕಿದ. ಹೆಚ್ಚು ಹುಡುಕಬೇಕಾಗಲಿಲ್ಲ. ಒಲೆಯ ಕಟ್ಟೆ ಕೆಳಗೆ, ಹಳೆಯ ಬಕೆಟ್ಟಿನ ಹಿಂದೆ, ಉಪ್ಪಿನ ಪ್ಯಾಕೆಟ್ಟುಗಳು ಇಟ್ಟಿಗೆ ಜೋಡಿಸಿದಂತೆ ಕೂತಿದ್ದವು. ಕೆಲವು ನೀರು ಕುಡಿದು ಕಲ್ಲಾಗಿದ್ದವು. ಅವನು ಒಂದೊಂದಾಗಿ ಎತ್ತಿ ನೆಲದ ಮೇಲಿಡುತ್ತಿದ್ದಾಗ ಹೆಂಡತಿ ಮಾಳಿಗೆಯಿಂದ ಖಾಲಿ ಬುಟ್ಟಿ ಹಿಡಿದು ಬಂದಳು.

“ಇಷ್ಟೊಂದು ಉಪ್ಪು ಯಾರು ತಂದಿಟ್ರು?”

ಬಗ್ಗಿ ಕೂತಿದ್ದ ಅವನ ಜೇಬಿನಿಂದ ಪುಸ್ತಕ ಅರ್ಧ ಹೊರಗೆ ಬಂದಿತ್ತು. ಅವಳೇ ಕೈಚಾಚಿ ತೆಗೆದುಕೊಂಡಳು. ಅವನು ಗೀಟು ಹಾಕಿದ್ದ ಸಾಲುಗಳನ್ನು ಓದಿದಳು. ಒಂದು ಹಾಳೆ, ಇನ್ನೊಂದು ಹಾಳೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಪ್ಯಾಕೆಟ್ಟುಗಳ ಮೇಲೆ ಬೆರಳಿಟ್ಟು ಎಣಿಸಿದಳು. ಏಳಕ್ಕೆ ಬಂದು ನಿಂತಳು. ಮತ್ತೆ ಒಂದರಿಂದ ಶುರು ಮಾಡಿದಳು.

“ಅಕ್ಷರ ನನ್ನದೇ” ಎಂದಳು.

“ಇರಲಿ ಬಿಡು. ಉಪ್ಪು ಕೆಡೋ ಸಾಮಾನಲ್ಲ.”

“ನಾನು ಈ ಪುಸ್ತಕದಲ್ಲಿ ಬರೀಬಾರದಿತ್ತು ರೀ. ಬರೀದೆ ಇದ್ದಿದ್ರೆ ನಿಮಗೆ ಗೊತ್ತಾಗ್ತಿರಲಿಲ್ಲ.”

ಗೋಂದಣ್ಣ ಅವಳ ಮುಖ ನೋಡಿದ. “ಅಂದ್ರೆ ನಿನಗೆ ಗೊತ್ತಿತ್ತಾ?”

“ಉಪ್ಪಿಂದು ಗೊತ್ತಿರಲಿಲ್ಲ.” ಅವಳು ಬುಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಹೋದ ವರ್ಷದಿಂದ ಹೀಗೇ. ಕೂಡಿಸೋಕೆ ಹೋದ್ರೆ ಮಧ್ಯದಲ್ಲಿ ಜಾರಿ ಹೋಗುತ್ತೆ. ಹಾಲಿನವನಿಗೆ ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಅವನು ನಂಬಿಕೊಂಡು ಹೋದ. ನೀರಿನ ಬಿಲ್ಲೂ ಹಾಗೇ. ಯಾರೂ ಕೇಳಲಿಲ್ಲ. ಕೇಳಿದ್ದಿದ್ರೆ ಚೆನ್ನಾಗಿತ್ತು.”

ಇಷ್ಟು ಹೇಳಿ ಎದ್ದು, ಬುಟ್ಟಿಯನ್ನು ಅದರ ಮೂಲೆಗೆ ಇಟ್ಟು, ಅಡುಗೆಗೆ ತೊಡಗಿದಳು. ಗೋಂದಣ್ಣ ಕಲ್ಲಾದ ಉಪ್ಪು ಹಿಡಿದುಕೊಂಡು ಕೂತೇ ಇದ್ದ. ಒಂದು ವರ್ಷ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯ ಅಡುಗೆ ತಿಂದು, ತನಗೆ ಕಂಡಿರಲಿಲ್ಲ. ಕಂಡದ್ದು ದುಡ್ಡು ಕಮ್ಮಿಯಾದಾಗ.

ಸರಕಾರಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅರ್ಧ ದಿನ ಕಾದರು. ಚಿಕ್ಕ ವಯಸ್ಸಿನ ಡಾಕ್ಟರು ಒಳ್ಳೆಯ ಮಾತಿನವನು. “ಅಮ್ಮಾ, ನೂರರಿಂದ ಏಳೇಳು ಕಳೀತಾ ಬನ್ನಿ” ಎಂದ. ಅವಳಿಗೆ ಅದು ಹಿಂದೆ ಉಗುರು ಕತ್ತರಿಸಿಕೊಳ್ಳುತ್ತಾ ಮಾಡುತ್ತಿದ್ದ ಲೆಕ್ಕ. “ತೊಂಬತ್ತಮೂರು” ಎಂದಳು. ಸ್ವಲ್ಪ ತಡೆದು, “ಎಂಬತ್ತಾರು.” ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದಳು, ಗಂಡನ ಮುಖ ನೋಡಿದಳು. ಗೋಂದಣ್ಣನ ನಾಲಿಗೆ ತುದಿಯಲ್ಲಿ ಉತ್ತರ ಇತ್ತು, ಹೇಳಿಕೊಡುವಂತಿರಲಿಲ್ಲ. ಕೊನೆಗೆ ಅವಳು ನಕ್ಕು, “ಮುಂದಿನದು ನೀವೇ ಹೇಳಿ ಡಾಕ್ಟ್ರೇ, ಓದಿದವರು ನೀವು” ಎಂದಳು.

ಡಾಕ್ಟರು ಆಮೇಲೆ ಗೋಂದಣ್ಣನೊಬ್ಬನನ್ನೇ ಕರೆದು ಹೇಳಿದ. ಹೋದ ನೆನಪು ವಾಪಸ್ಸು ಬರುವುದಿಲ್ಲ. ಮಾತ್ರೆ ಕೊಟ್ಟರೆ ಹೋಗುವುದು ನಿಧಾನವಾಗಬಹುದು, ಆಗದೆಯೂ ಇರಬಹುದು. ಒಲೆ ಹತ್ತಿರ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಯಾರಾದರೂ ಜೊತೆಗಿರಬೇಕು. “ಯಾರಿದ್ದಾರೆ ಮನೆಯಲ್ಲಿ?” ಎಂದು ಕೇಳಿದ. “ನಾವಿಬ್ಬರೇ” ಎಂದ ಗೋಂದಣ್ಣ.

ಮಾತ್ರೆಯ ಖರ್ಚು ಪುಸ್ತಕದಲ್ಲಿ ಬರೆದ. ಪೇಪರು, ಬಸ್ಸು, ಕ್ಷೌರ, ಚಹಾ ಎಲ್ಲ ಬಿಟ್ಟು ಉಳಿಸಿದ್ದಕ್ಕಿಂತ ಅದು ಮೂರು ಪಟ್ಟು ಹೆಚ್ಚಿತ್ತು. ಅಂಗಡಿಯವನು ಸೋಪು, ಬಲ್ಬು, ಬೆಂಕಿಪೆಟ್ಟಿಗೆ ವಾಪಸ್ಸು ತೆಗೆದುಕೊಂಡ. ಕಲ್ಲಾದ ಉಪ್ಪು ಅವನಿಗೂ ಬೇಡವಾಗಿತ್ತು.

ಮಗಳು ಓಡಿಬಂದು ನಾಲ್ಕು ದಿನ ಇದ್ದಳು. ತಾಯಿ ಎದುರಿಗಿದ್ದಾಗ ನಗುವುದು, ಬಚ್ಚಲಿಗೆ ಹೋಗಿ ಅಳುವುದು. “ಅಪ್ಪಾ, ನಮ್ಮನೆಗೇ ಬಂದ್ಬಿಡಿ” ಎಂದಳು. ಅವಳ ಮನೆಯಲ್ಲಿ ಎರಡೇ ಕೋಣೆ, ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ. ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಐದನೇ ದಿನ ಹೊರಟಳು. ಹೋಗುವಾಗ, “ಬರೆದಿಡಿ ಅಂತ ನಾನ್ಯಾಕಾದ್ರೂ ಹೇಳಿದೆನೋ” ಎಂದಳು.

“ಬರೆದದ್ದರಿಂದ ಬಂದದ್ದಲ್ಲವಲ್ಲಮ್ಮ” ಎಂದ ಗೋಂದಣ್ಣ. ಆದರೆ ಅವನ ಮನಸ್ಸೂ ಒಮ್ಮೊಮ್ಮೆ ಅದನ್ನೇ ಅನ್ನುತ್ತಿತ್ತು.

ಅವನು ಕೆಲಸಕ್ಕೆ ಹೋಗುವ ಮೂರು ದಿನ ಮೇಲಿನ ಮನೆಯ ಟೈಲರಮ್ಮ ಹೊಲಿಗೆ ಯಂತ್ರವನ್ನು ಇವರ ಮನೆಗೇ ತಂದು ಕೂರುತ್ತೇನೆಂದು ಒಪ್ಪಿದಳು. ದಿನಕ್ಕೆ ಇಷ್ಟು ದುಡ್ಡು ಅಂತ ಗೊತ್ತು ಮಾಡಿಕೊಂಡಳು, ಅವಳದೂ ಹೊಟ್ಟೆಪಾಡು. ಯಂತ್ರದ ಸದ್ದಿಗೆ ಹೆಂಡತಿ ಕಿರಿಕಿರಿ ಮಾಡಿಕೊಳ್ಳುತ್ತಿದ್ದಳು, “ನಮ್ಮನೇಲಿ ಇವಳಿಗೇನು ಕೆಲಸ?” ಎಂದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು, ಗಂಡ ಬರುವವರೆಗೂ.

ಎರಡು ತಿಂಗಳ ಮೇಲೆ ಮಾಲೀಕರು ಕರೆದರು. ಈ ಸಲ ಮುಖ ನೋಡಿಯೇ ಮಾತಾಡಿದರು. “ದೊಡ್ಡ ಆರ್ಡರು ಬಂದಿದೆ ಗೋಂದಣ್ಣ, ಗ್ರಂಥಾಲಯದ ಹಳೇ ಪುಸ್ತಕವೆಲ್ಲ ಹೊಸದಾಗಿ ಹೊಲೀಬೇಕಂತೆ. ವರ್ಷಕ್ಕಾಗುವಷ್ಟು ಕೆಲಸ. ಸೋಮವಾರದಿಂದ ಮೊದಲಿನ ಹಾಗೆ ಆರು ದಿನ ಬಾ.”

ಇದೇ ಮಾತನ್ನು ಮೂರು ತಿಂಗಳ ಹಿಂದೆ ಹೇಳಿದ್ದರೆ ಅವನು ಅಲ್ಲೇ ಕುಣಿಯುತ್ತಿದ್ದ. “ಮನೇಲಿ ಕೇಳಿ ಹೇಳ್ತೀನಿ ಸ್ವಾಮಿ” ಎಂದು ಬಂದ. ಟೈಲರಮ್ಮ ಕಡ್ಡಿ ಮುರಿದಂತೆ ಹೇಳಿದಳು: “ಮೂರು ದಿನಕ್ಕೇ ನನ್ನ ಗಿರಾಕಿಗಳು ಬಾಗಿಲು ತಟ್ಟಿ ವಾಪಸ್ಸು ಹೋಗ್ತಿದ್ದಾರೆ. ಆರು ದಿನ ನನ್ನಿಂದಾಗಲ್ಲ ಅಣ್ಣಾ, ಬೇಜಾರು ಮಾಡ್ಕೋಬೇಡಿ.” ಬೇರೆ ಯಾರನ್ನಾದರೂ ಇಡೋಣವೆಂದರೆ ಅವರು ಕೇಳಿದ್ದು ಅವನ ಕೂಲಿಗಿಂತ ಹೆಚ್ಚು.

“ಮೂರೇ ದಿನ ಬರ್ತೀನಿ ಸ್ವಾಮಿ” ಎಂದು ಹೋಗಿ ಹೇಳಿದ.

“ಇದಕ್ಕೇ ಕಾಯ್ತಿದ್ದೆಯಲ್ಲಯ್ಯ? ಚಹಾ ಕೂಡ ಬಿಟ್ಟಿದ್ದೀಯಂತೆ!”

ಗೋಂದಣ್ಣ ಸೂಜಿ ದಾರ ಎತ್ತಿಕೊಂಡು ಹೊಲಿಗೆಗೆ ಕೂತ. ಮಾಲೀಕರು ಕೆಟ್ಟವರಲ್ಲ, ಆದರೆ ಆರ್ಡರು ಕಾಯುವುದಿಲ್ಲ. ಬೇರೊಬ್ಬ ಕೆಲಸಗಾರನನ್ನು ತೆಗೆದುಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಗೋಂದಣ್ಣನ ಮೂರು ದಿನ ಎರಡಾಯಿತು.

ಈಗ ಅವನಿಗೆ ಅಡುಗೆ ಅಷ್ಟಿಷ್ಟು ಬರುತ್ತದೆ. ಕೆಂಪು ಬೆನ್ನಿನ ಪುಸ್ತಕದಲ್ಲಿ ಹಾಳೆ ಉಳಿದಿದ್ದರೂ ಬರೆಯುವುದನ್ನು ನಿಲ್ಲಿಸಿದ್ದಾನೆ. ಇನ್ನು ಕಡಿಮೆ ಮಾಡುವಂಥದ್ದು ಏನೂ ಇಲ್ಲವೆಂದು ಬರೆಯದೆಯೂ ಗೊತ್ತಾಗುತ್ತದೆ.

ಮೊನ್ನೆ ಗುರುವಾರ ಬೆಳಿಗ್ಗೆ ಅವನು ಪಾತ್ರೆ ತೊಳೆಯುತ್ತಿದ್ದ. ಅವಳು ಬಾಗಿಲಿಗೆ ಬಂದು, “ನೀವು ಇವತ್ತು ಕೆಲಸಕ್ಕೆ ಹೋಗಲ್ವಾ?” ಎಂದು ಕೇಳಿದಳು.

“ಇಲ್ಲ, ರಜೆ.”

ಹೋದಳು. ಸ್ವಲ್ಪ ಹೊತ್ತಿಗೆ ಬಂದು ಅದನ್ನೇ ಕೇಳಿದಳು. ಅವನು ಅದನ್ನೇ ಹೇಳಿದ. ನಾಲ್ಕನೆಯ ಸಲ ಬಂದಾಗ ಅವಳ ಕೈಯಲ್ಲಿ ಹಾಸಿಗೆಯ ಮೇಲು ಹೊದಿಕೆ ಇತ್ತು. ಬೆಳಿಗ್ಗೆ ತಾನೇ ಅವನು ಒಣಗಿದ್ದನ್ನು ತಂದು ಮಡಿಸಿ ಇಟ್ಟದ್ದು, ಈಗ ನೀರಲ್ಲಿ ಅದ್ದಿ ತಂದಿದ್ದಳು. ನೆಲವೆಲ್ಲ ಒದ್ದೆ.

“ರಜೆ ಅಂದ್ರೆ ಒಳ್ಳೇದಾಯ್ತು” ಎಂದಳು, ಖುಷಿಯಿಂದ. “ಇದನ್ನ ಒಬ್ಬಳೇ ಹಿಂಡೋಕಾಗಲ್ಲ, ಬನ್ನಿ.”

ಅವನು ಕೈ ಒರೆಸಿಕೊಂಡು ಬಂದು ಹೊದಿಕೆಯ ಇನ್ನೊಂದು ತುದಿ ಹಿಡಿದ.