ಎರಡು ಸುತ್ತಿನ ಓಟದ ಬದಲು ರಂಗೋಲಿ

ಸಿಂಧನೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊರದೇಶದಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಕ್ರೀಡಾಕೂಟವನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಕಲರ್ ಟಿವಿ ಇದ್ದದ್ದು ನಮ್ಮ ಕ್ರೀಡಾ ಸಮಿತಿಯ ಅಧ್ಯಕ್ಷರಾದ ಗಿರಣಿ ಸಾಹುಕಾರರ ಮನೆಯಲ್ಲಿ. ಮಹಿಳೆಯರ ಏಳು ಸ್ಪರ್ಧೆಗಳ ಕೂಟವನ್ನು ನೋಡಬೇಕೆಂದು ಅವರನ್ನು ಕೇಳಿಕೊಂಡು ಹೋದೆ. ಜೊತೆಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನೂ ಕರೆದೊಯ್ದೆ.

ಹುಡುಗಿ ವಳಕಮದಿನ್ನಿಯವಳು. ಬಸ್ಸು ತಪ್ಪಿದ ದಿನ ಕಾಲುವೆ ದಂಡೆಯ ಮೇಲೆ ಓಡುತ್ತಲೇ ಶಾಲೆಗೆ ಬರುತ್ತಿದ್ದಳು, ಪ್ರಾರ್ಥನೆಗೆ ಒಮ್ಮೆಯೂ ತಡವಾದವಳಲ್ಲ. ಅವಳಲ್ಲಿ ನಾನು ಮೊದಲು ಮೆಚ್ಚಿದ್ದು ಅದನ್ನೇ. ದೂರದ ಊರಿನ ಕ್ರೀಡಾ ವಸತಿ ಶಾಲೆಗೆ ಅವಳನ್ನು ಸೇರಿಸಬೇಕೆಂದು ನಾನು ಹಟ ತೊಟ್ಟಿದ್ದೆ. ಅವಳ ಅಪ್ಪ ಒಂದೇ ಮಾತು ಹೇಳಿದ್ದ: "ಎರಡು ತಾಲ್ಲೂಕಿನಾಗ ಗೆದ್ದು ತೋರಿಸ್ಲಿ ರೀ, ಆಮ್ಯಾಲ ಕಳಿಸ್ತೀನಿ."

ಟಿವಿಯಲ್ಲಿ ಆ ಹೆಂಗಸರು ಎರಡು ದಿನ ಓಡಿದರು, ಜಿಗಿದರು, ಗುಂಡು ಎಸೆದರು, ಈಟಿ ಎಸೆದರು. ಕಡೆಯದು ಎಂಟುನೂರು ಮೀಟರ್, ಮೈದಾನಕ್ಕೆ ಎರಡು ಸುತ್ತು. ಅದು ಮುಗಿದ ಮೇಲೆ ಎಲ್ಲರೂ ನೆಲಕ್ಕೆ ಬಿದ್ದು ಏದುಸಿರು ಬಿಟ್ಟು, ಆಮೇಲೆ ಎದ್ದು ಕೈ ಕೈ ಹಿಡಿದುಕೊಂಡು ಮೈದಾನ ಸುತ್ತಿದರು. ಗೆದ್ದವಳು ಯಾರು, ಕೊನೆಯವಳು ಯಾರು ಎಂದು ಗೊತ್ತಾಗುವಂತಿರಲಿಲ್ಲ. ಹುಡುಗಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. ಸಾಹುಕಾರರಿಗೂ ಮನಸ್ಸು ತುಂಬಿ ಬಂದಿತ್ತು.

"ಟೀಚರ್, ಇಂಥಾದ್ದು ನಮ್ಮಲ್ಲೂ ಮಾಡೋಣ ರೀ," ಎಂದರು. "ಏಳಂದ್ರ ಏಳು."

ಅದನ್ನು ನಾನು ನಂಬಿದೆ. ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಕೂಟವನ್ನು ಲಿಂಗಸುಗೂರಿನ ಮೈದಾನದಲ್ಲಿ ನಡೆಸುವುದೆಂದು ನಿರ್ಧಾರವಾಯಿತು. ಮೂರು ತಿಂಗಳು ಹುಡುಗಿಯನ್ನು ನನ್ನ ಕೋಣೆಯಲ್ಲೇ ಉಳಿಸಿಕೊಂಡು, ಬೆಳಗಿನ ಐದು ಗಂಟೆಗೆ ತಾಲೀಮು ಮಾಡಿಸಿದೆ. ಮಸ್ಕಿಯ ಬಡಗಿಯಿಂದ ಹರ್ಡಲ್ಸ್ ಓಟದಲ್ಲಿ ಹಾರಿ ದಾಟುವ ಕಟ್ಟಿಗೆಗಳನ್ನು ಮಾಡಿಸಿ ತಂದೆ.

ಕೂಟಕ್ಕೆ ನಾಲ್ಕು ದಿನ ಇರುವಾಗ ಸಮಿತಿ ಸೇರಿತು. ಹತ್ತು ಮಂದಿ ಗಂಡಸರು, ನಾನೊಬ್ಬಳು.

"ಹರ್ಡಲ್ಸ್ ಬ್ಯಾಡ," ಎಂದರು ಒಬ್ಬರು. "ಲಂಗ ಸಿಕ್ಕು ಬಿದ್ರ ನೋಡೋರಿಗೆ ಛಂದ ಕಾಣ್ತೈತೇನು?"

"ಚಡ್ಡಿ ಹಾಕ್ಕೊಂಡು ಓಡ್ತಾರ," ಎಂದೆ.

ಆದರೂ ಹರ್ಡಲ್ಸ್ ಮೇಲೆ ಗೆರೆ ಎಳೆದರು. ಈಟಿ ಯಾರಿಗಾದರೂ ಚುಚ್ಚಿದರೆ ಜಿಮ್ಮೇದಾರಿ ಯಾರದು ಎಂದು ಅದನ್ನೂ ತೆಗೆದರು. ಎಂಟುನೂರು ಮೀಟರಿನ ಮಾತು ಬಂದಾಗ ವಯಸ್ಸಾದ ಸದಸ್ಯರೊಬ್ಬರು ದನಿ ತಗ್ಗಿಸಿ, "ಹೆಣ್ಮಕ್ಳು ಎರಡು ಸುತ್ತು ಓಡಿದ್ರ ಹೊಟ್ಟ್ಯಾಗಿಂದು ಸರೀತೈತಿ. ನಾಳೆ ಮಕ್ಕಳಾಗಲಿಲ್ಲಂದ್ರ ಬಂದು ನಮ್ಮನ್ನ ಕೇಳ್ತಾರ," ಎಂದರು. ಮುಂಜಾನೆಯಿಂದ ಸಂಜೆಯ ತನಕ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡುವ ಹೆಂಗಸರು ಅವರದೇ ಗದ್ದೆಯಲ್ಲಿದ್ದರು. ಅವರ ಹೊಟ್ಟೆಯ ಫಿಕರು ಈ ಮನುಷ್ಯನಿಗೆ ಯಾವತ್ತೂ ಬಂದಿರಲಿಲ್ಲ.

ತೆಗೆದ ಮೂರರ ಜಾಗಕ್ಕೆ ನಿಂಬೆಹಣ್ಣು ಚಮಚದ ಓಟ, ಸೂಜಿಗೆ ದಾರ ಪೋಣಿಸುವುದು, ರಂಗೋಲಿ ಬಂದವು.

"ಏಳಕ್ಕ ಏಳು ಆತಲ್ರೀ ಟೀಚರ್," ಎಂದು ಸಾಹುಕಾರರು ನಕ್ಕರು. ನನಗೆ ಎದ್ದು ಹೋಗಬೇಕೆನಿಸಿತು. ಆದರೂ ಬಿಟ್ಟು ಬರುವಂತಿರಲಿಲ್ಲ. ಅಪ್ಪನ ಷರತ್ತು ಗೆಲುವು, ಗೆಲುವಿರುವುದು ಇಲ್ಲಿ. ಹುಡುಗಿಗೆ ಹೇಳಿದೆ: "ಏನಿಟ್ರೂ ಗೆಲ್ಲು."

ಅವಳು ಗೆದ್ದಳು. ಎತ್ತರಕ್ಕೂ ಉದ್ದಕ್ಕೂ ಅವಳಷ್ಟು ಜಿಗಿದವರಿಲ್ಲ. ಗುಂಡು ಎಸೆದಾಗ ಅಳತೆ ಹಿಡಿದವರು ಹಿಂದಕ್ಕೆ ಸರಿಯಬೇಕಾಯಿತು. ಇನ್ನೂರು ಮೀಟರಿನಲ್ಲಿ ಅವಳ ಹಿಂದೆ ಬಹಳ ದೂರದ ತನಕ ಯಾರೂ ಇರಲಿಲ್ಲ. ಆಮೇಲೆ ಬಾಯಲ್ಲಿ ಚಮಚ ಕಚ್ಚಿಕೊಂಡು, ನಿಂಬೆಹಣ್ಣು ಅಲುಗದಂತೆ ನಡೆದಳು. ದಾರ ಪೋಣಿಸಿದಳು. ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ದೊಡ್ಡ ರಂಗೋಲಿ ಹಾಕಿದಳು. ಜನ ಅತಿ ಜೋರಾಗಿ ಚಪ್ಪಾಳೆ ತಟ್ಟಿದ್ದು ಆ ರಂಗೋಲಿಗೆ.

ಮುಂದಿನ ಸಾಲಿನ ಕುರ್ಚಿಯಲ್ಲಿ ಸಮಿತಿಯ ಸದಸ್ಯರೊಬ್ಬರ ಅಕ್ಕ ಕೂತಿದ್ದಳು. ಸಂತೆಕಲ್ಲೂರಿನಲ್ಲಿ ಹೊಲ, ಮನೆ ಇದ್ದವಳು, ಹುಡುಗಿಯ ಜಾತಿಯವಳೇ. ಬಹುಮಾನದ ಸ್ಟೀಲ್ ಕೊಡ ಹಿಡಿದುಕೊಂಡು ಹುಡುಗಿ ವೇದಿಕೆ ಇಳಿಯುವಾಗ ಈಕೆ ಅವಳ ತೋಳು ಹಿಡಿದು ಒತ್ತಿ ನೋಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಗುಂಡು ಒಗದಿದ್ದು ನೋಡಿದೇನು?" ಎಂದು ತಮ್ಮನಿಗೆ ಹೇಳಿದಳು. "ಜೋಳದ ಚೀಲ ಎತ್ತಾಕ ಆಳು ಬ್ಯಾಡ. ಕೈಯಾಗ ಕಸುಬೂ ಐತಿ. ನಮ್ಮ ಸಣ್ಣ ಮಗಗ ಹೇಳಿ ಮಾಡಿಸಿದಂಗ ಅದಾಳ."

"ಅವ್ರಪ್ಪ ಅಲ್ಲೇ ನಿಂತಾನ ನೋಡಬೇ," ಎಂದ ತಮ್ಮ.

ಅಪ್ಪನನ್ನು ಕರೆಸಿದರು. ಚಹಾ ತರಿಸಿದರು. ಮಗಳು ಬೆವರು ಒರೆಸಿಕೊಳ್ಳುವುದರೊಳಗೆ ಮಾತು ಅರ್ಧ ಮುಗಿದಿತ್ತು. ಸಾಹುಕಾರರು ಮೈಕು ಹಿಡಿದು, ಈ ಕೂಟದಿಂದ ಒಂದು ಮನೆಯ ದೀಪ ಬೆಳಗಲಿದೆ ಎಂದು ಸಾರಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು.

ಮುಂದಿನ ಭಾನುವಾರ ವಳಕಮದಿನ್ನಿಗೆ ಹೋದೆ. ಅಪ್ಪ ಮಂಚ ಹಾಕಿ ಕೂರಿಸಿದ.

"ಗೆದ್ರ ಕಳಿಸ್ತೀನಿ ಅಂದಿದ್ದೆಲ್ಲಪ್ಪ," ಎಂದೆ.

"ಖರೇ ಅಂದಿದ್ದೆ ರೀ. ಇಂಥಾ ಸಂಬಂಧ ಬರ್ತೈತಿ ಅಂತ ಅವಾಗ ಯಾರಿಗೆ ಗೊತ್ತಿತ್ತು?"

"ಹುಡುಗಿಗಿನ್ನೂ ಹದಿನೈದು."

"ಅವ್ರವ್ವ ಬಂದಾಗ ಹದಿಮೂರು," ಎಂದು ನಕ್ಕ. ಮನಸ್ಸಿನಲ್ಲಿ ಕಪಟ ಇರಲಿಲ್ಲ, ಕೈ ಮುಗಿದ. "ನೀವು ಗೆಲ್ಲಿಸದಿದ್ರ ಅವರು ಇಕೀನ್ನ ಎಲ್ಲಿ ನೋಡತಿದ್ರು ರೀ. ನಿಮ್ಮ ಪುಣ್ಯ."

ಕಾನೂನಿನ ಮಾತು ಎತ್ತಿದೆ. ಊರಿನ ಹಿರಿಯರನ್ನು ಕಂಡೆ. ತಹಸೀಲಿಗೆ ಅರ್ಜಿಯನ್ನೂ ಕೊಟ್ಟೆ. ಎಲ್ಲ ಕಡೆಯೂ ಕೂಡ್ರಿಸಿ ಚಹಾ ಕೊಟ್ಟರು.

ಆ ಭಾನುವಾರ ವಳಕಮದಿನ್ನಿಯಿಂದ ನಾನು ಹೊರಟಾಗ ಹುಡುಗಿ ಬಸ್ಸು ನಿಲ್ಲುವ ಜಾಗದ ತನಕ ಬಂದಿದ್ದಳು. ಬಸ್ಸು ದೂರದಲ್ಲಿ ಕಂಡಾಗ, "ನಿಂಬಿಹಣ್ಣು ಕೆಡವಬೇಕಾಗಿತ್ರೀ ಟೀಚರ್," ಎಂದಳು. "ರಂಗೋಲೀನೂ ಸೊಟ್ಟ ಹಾಕಬೇಕಾಗಿತ್ತು. ನೀವು ಗೆಲ್ಲು ಅಂದ್ರಿ."

ವಸತಿ ಶಾಲೆಯ ಆಯ್ಕೆಯ ದಿನ ಬಂದು ಹೋಯಿತು. ಅದೇ ವಾರ ಅವಳ ಮದುವೆ ಆಯಿತು. ನಾನು ಹೋಗಲಿಲ್ಲ.

ಮರುವರ್ಷ ಸಾಹುಕಾರರು ಮತ್ತೆ ಕರೆಸಿದರು. ಬಹಳ ಹುರುಪಿನಲ್ಲಿದ್ದರು.

"ಹೋದ ವರ್ಷದ ಸುದ್ದಿ ಎಲ್ಲಾ ಕಡೆ ಹಬ್ಬೇತ್ರೀ ಟೀಚರ್. ಬಳಗಾನೂರಿಂದ ಮೂರು ಮನಿಯವರು ಮುಂದಿನ ಸಾಲಿನಾಗ ಕುರ್ಚಿ ಹಿಡಿರಿ ಅಂದಾರ. ಗಂಡು ಹುಡುಗರನ್ನೂ ಕರಕೊಂಡು ಬರ್ತಾರಂತ."

"ಹಂಗಾದ್ರ ಎಂಟನೇದು ಒಂದು ಹಾಕ್ರಿ," ಎಂದೆ. "ಎತ್ತಿನ ಸಂತ್ಯಾಗ ನೋಡ್ತಾರಲ್ಲ, ಹಂಗ ಹಲ್ಲು ನೋಡೋದು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಟೀಚರ್ ಬಾಳ ಮಜಾ ಮಾಡ್ತಾರ," ಎಂದು ಒಳಗೆ ಕೂಗಿ ಚಹಾ ಹೇಳಿದರು. ನಮ್ಮ ಶಾಲೆಯಿಂದ ಒಬ್ಬ ಹುಡುಗಿಯೂ ಬರುವುದಿಲ್ಲ ಎಂದು ಹೇಳಿ, ಚಹಾ ಬರುವ ಮೊದಲೇ ಎದ್ದು ಬಂದೆ.