ಹೇಳಿ ಹೋದ ತಪಾಸಣೆ

ಬಳ್ಳಾರಿಯಲ್ಲಿ ಮಾನವ ಹಕ್ಕುಗಳನ್ನು ಕಾಯುವ ಭಾರವನ್ನು ಕೆಲಕಾಲ ನಾವು ಮೂವರು ಹೊತ್ತಿದ್ದೆವು. ಜವಳಿ ಸಾಹುಕಾರರು ಅಧ್ಯಕ್ಷರು. ಅವರ ಅಂಗಡಿಯ ಮಹಡಿಯೇ ಸಮಿತಿಯ ಕಚೇರಿ. ನಾನು ನಿವೃತ್ತ ಮೇಷ್ಟ್ರು, ಆದ್ದರಿಂದ ಕಾರ್ಯದರ್ಶಿ. ಮೂರನೆಯವರು ಒಬ್ಬ ವಕೀಲೆ. ಕಾನೂನು ಓದಿದವರು ಅವರೊಬ್ಬರೇ ಆದ್ದರಿಂದ ಅವರ ಮಾತನ್ನು ನಾವು ಅಷ್ಟಾಗಿ ಕೇಳುತ್ತಿರಲಿಲ್ಲ.

ಒಂದು ದಿನ ಕುರುಗೋಡಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಗಿರಣಿಯ ಮೋಟಾರು ಕಳುವಾಯಿತೆಂದು ಪೊಲೀಸರು ಅವನನ್ನು ಎತ್ತಿಕೊಂಡು ಹೋಗಿದ್ದರು.

"ಠಾಣಿಗೆ ಹೋದ್ರ ಅಂಥಾವ ಇಲ್ಲಿಗೆ ಬಂದೇ ಇಲ್ಲ ಅಂತಾರ್ರಿ. ಒಳಗಿಂದ ಅವನ ಕೆಮ್ಮು ಕೇಳೀನಿ. ಆ ಕೆಮ್ಮು ನನಗ ಗೊತ್ತಿಲ್ಲೇನ್ರಿ?"

ಹಿಡಿದವನನ್ನು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಈಗಿಂದೀಗಲೇ ಠಾಣೆಗೆ ಹೋಗೋಣ ಎಂದರು ವಕೀಲೆ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.

"ಹೇಳದ ಕೇಳದ ಒಬ್ಬರ ಬಾಗಲಿಗೆ ಹೋಗೂದು ನಮ್ಮ ಮಂದ್ಯಾಗ ಇಲ್ಲವ್ವ. ಹೆಣ್ಣು ನೋಡಾಕ ಹೋದ್ರೂ ಒಂದು ಮಾತು ತಿಳಿಸಿ ಹೋಗ್ತೀವಿ." ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ಫೋನು ಹಚ್ಚಿದರು. "ನಾಳಿ ಮುಂಜಾನಿ ಬರ್ತೀವ್ರಿ ಸಾಹೇಬ್ರ. ಏನೂ ತೊಂದ್ರಿ ತಗೋಬ್ಯಾಡ್ರಿ."

ಸಾಹೇಬರು ತೊಂದರೆ ತೆಗೆದುಕೊಂಡಿದ್ದರು. ಠಾಣೆಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿಸಿದ್ದರು. ಲಾಕಪ್ಪಿಗೆ ಹೊಸ ಸುಣ್ಣ, ಫಿನಾಯಿಲಿನ ಘಾಟು. ಒಳಗೆ ಒಂದು ನರಪಿಳ್ಳೆಯಿಲ್ಲ. ಮಾನವನೇ ಇಲ್ಲದ ಮೇಲೆ ಹಕ್ಕಿನ ಉಲ್ಲಂಘನೆ ಎಲ್ಲಿಂದ ಬಂತು ಎಂದು ಅಧ್ಯಕ್ಷರಿಗೆ ಪರಮ ಸಮಾಧಾನವಾಯಿತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಚಹಾ ಬಂದವು. ಫೋಟೋ ತೆಗೆದರು.

ನಮ್ಮ ಜೊತೆ ಬಂದಿದ್ದ ಹೆಣ್ಣುಮಗಳು ಲಾಕಪ್ಪಿನ ಗೋಡೆಗೆ ಅಂಗೈ ಒತ್ತಿದಳು. ಕೈತುಂಬ ಸುಣ್ಣ ಮೆತ್ತಿಕೊಂಡಿತು. ಆ ಕೈಯನ್ನು ಅಧ್ಯಕ್ಷರ ತಟ್ಟೆಯ ಮೇಲೆ ಹಿಡಿದಳು.

"ಇನ್ನಾ ಹಸೀ ಐತ್ರಿ ಸಾವುಕಾರ್ರ. ನೀವು ಬರ್ತೀರಂತ ಗ್ವಾಡಿಗೆ ಸುಣ್ಣ ಬಳದ್ರು. ನನ್ನ ಗಂಡನ್ನ ಎಲ್ಲಿ ಬಳದು ಹಾಕಿದ್ರು?"

"ಮೊದಲ ಚಾ ಕುಡಿಯವ್ವ," ಎಂದರು ಅಧ್ಯಕ್ಷರು.

ವಕೀಲೆ ತಮ್ಮ ಚಹಾ ಮುಟ್ಟದೆ ಎದ್ದರು. ನಮಗೂ ತಿಳಿಸದೆ ಅವಳನ್ನು ಕರೆದುಕೊಂಡು ನೇರ ಕೋರ್ಟಿಗೆ ಹೋದರು. ನ್ಯಾಯಾಧೀಶರು ಅರ್ಜಿ ಓದಿ, ಹಮಾಲಿಯನ್ನು ಹುಡುಕಿ ತರಲು ಅಂದು ಮಧ್ಯಾಹ್ನವೇ ಕೋರ್ಟಿನ ಪರವಾಗಿ ಒಬ್ಬ ವಕೀಲರನ್ನು ಕಳಿಸಿದರು. ಆ ಮನುಷ್ಯನಿಗೆ ನಮ್ಮ ಸೌಜನ್ಯವಿರಲಿಲ್ಲ. ಫೋನು ಮಾಡದೆ ಹೋದ. ಠಾಣೆಯ ಹಿಂದೆ ಪಾಳುಬಿದ್ದ ವಸತಿಗೃಹದಲ್ಲಿ ಹಮಾಲಿ ಸಿಕ್ಕ. ನಾವು ಮಿರ್ಚಿ ತಿಂದ ಕೋಣೆಗೂ ಅದಕ್ಕೂ ನಡುವೆ ಇದ್ದದ್ದು ಒಂದು ಬೇವಿನ ಮರ.

ಸಂಜೆ ಕೋರ್ಟಿನಲ್ಲಿ ಇಬ್ಬರು ಅವನನ್ನು ಹಿಡಿದು ನಿಲ್ಲಿಸಿದರು. ಹೊಡೆದರೇ ಎಂದು ನ್ಯಾಯಾಧೀಶರು ಕೇಳಿದರು. ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಸಾಹೇಬರಿದ್ದರು.

"ಬಿದ್ದೀನ್ರಿ," ಎಂದ.

ಸಾಹೇಬರನ್ನು ಹೊರಗೆ ಕಳಿಸಿ ನ್ಯಾಯಾಧೀಶರು ಮತ್ತೊಮ್ಮೆ ಕೇಳಿದರು. ಅವನು ಎಡಗೈಯಿಂದ ಅಂಗಿ ಎತ್ತಿದ. ಬಲಗೈ ಮೇಲೇಳುತ್ತಿರಲಿಲ್ಲ.

ಅವನು ಆಸ್ಪತ್ರೆಗೆ ಹೋದ, ಸಾಹೇಬರ ಮೇಲೆ ಕೇಸಾಯಿತು. ಸಾಹೇಬರ ಪರ ವಕೀಲರು ಹಾಜರುಪಡಿಸಿದ ಮೊದಲ ಸಾಕ್ಷ್ಯ ನಮ್ಮ ಫೋಟೋ: ಊರಿನ ಗಣ್ಯರೇ ಪರಿಶೀಲಿಸಿ ತೃಪ್ತರಾಗಿರುವರು. ತೃಪ್ತಿ ನಿಜಕ್ಕೂ ಎದ್ದು ಕಾಣುತ್ತಿತ್ತು. ನನ್ನ ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿಯಿತ್ತು. ಕೇಸು ಇನ್ನೂ ನಡೆಯುತ್ತಿದೆ.

ಮಾನವ ಹಕ್ಕುಗಳ ದಿನ ಹತ್ತಿರ ಬಂದಾಗ ಆ ಹೆಣ್ಣುಮಗಳಿಗೆ ಶಾಲು ಹೊದಿಸಬೇಕೆಂದು ಅಧ್ಯಕ್ಷರಿಗೆ ಹೊಳೆಯಿತು. ಮುಖ್ಯ ಅತಿಥಿ ಅದೇ ಸಾಹೇಬರು. "ತೀರ್ಪು ಆಗೂತನಕ ಅವರೂ ನಿರಪರಾಧಿನ ಅಲ್ರಿ ಮೇಷ್ಟ್ರ? ಅದೂ ಒಂದು ಹಕ್ಕ." ವಕೀಲೆ ಅಂದೇ ರಾಜೀನಾಮೆ ಕೊಟ್ಟರು. ಕರೆಯಲು ಕುರುಗೋಡಿಗೆ ನಾನು ಹೋದೆ.

ಹಮಾಲಿ ಕಟ್ಟೆಯ ಮೇಲೆ ಕೂತು ಎಡಗೈಲಿ ರೊಟ್ಟಿ ಮುರಿಯಲು ಕಲಿಯುತ್ತಿದ್ದ. ಹೆಂಡತಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

"ಸಾಹೇಬ್ರೂ ಬರ್ತಾರೇನ್ರಿ? ಚಲೋ ಆತು. ಬರ್ತೀವ್ರಿ ಮೇಷ್ಟ್ರ, ಇಬ್ರೂ ಬರ್ತೀವಿ. ಆದ್ರ ಹೇಳಿ ಬರಂಗಿಲ್ಲ."

ನಾನು ಬಂದು ಇದನ್ನು ಹೇಳಿದ ಕೂಡಲೇ ಅಧ್ಯಕ್ಷರು ಸಮಾರಂಭವನ್ನು ಮುಂದೂಡಿದರು. ಶಾಲು ಅಂಗಡಿಯ ಕಪಾಟಿಗೆ ಮರಳಿತು.